ಆಷಾಢದಲ್ಲೊಬ್ಬ ಮದುಮಗಳು

“ಅಳಿಸಿದ್ದು ನೀನೇ ಅಲ್ಲೇನು, ಪ್ರೀತಿ?”

ಪಿಎಸ್‌ಐ ಅಂಬುಜಾಳ ಪ್ರಶ್ನೆಗೆ ಪ್ರೀತಿ ಮುಖ ಆಚೆ ತಿರುಗಿಸಿದಳು. ಕನ್ನಡಿಯಲ್ಲೂ ಅಂಬುಜಾಳೇ ಕಂಡಳು. ಶಹಾಬಾದಿನ ಆ ಬ್ಯೂಟಿ ಪಾರ್ಲರಿನಲ್ಲಿ ಎತ್ತ ತಿರುಗಿದರೂ ಕನ್ನಡಿ; ಕಣ್ಣು ತಪ್ಪಿಸಲು ಜಾಗವಿರಲಿಲ್ಲ.

ಪಾರ್ಲರಿನ ಒಡತಿ ನಾಜಿಯಾ ಮದುಮಗಳೊಬ್ಬಳನ್ನು ಸಿಂಗರಿಸಲೆಂದು ಗುರುವಾರ ಬೆಳಗ್ಗೆ ಹೊರಟವಳು ಭಾನುವಾರವಾದರೂ ತಿರುಗಿ ಬಂದಿರಲಿಲ್ಲ. ಅವಳ ಸ್ಕೂಟಿ ವಾಡಿ ರೈಲ್ವೆ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸಿಕ್ಕಿತ್ತು. ಫೋನು ಬಂದ್ ಆಗಿತ್ತು.

“ಗುರುವಾರ ಅಕಿ ಯಾರ ಮನಿಗೆ ಹೋಗಿದ್ಲು ಅನ್ನೋದು ಈ ಕ್ಯಾಲೆಂಡರಿನಾಗ ಇರಬೇಕಿತ್ತು.” ಅಂಬುಜಾ ಪಾರ್ಲರಿನ ಟ್ಯಾಬ್ಲೆಟ್ಟನ್ನು ಬಾಚಣಿಗೆಗಳ ಪಕ್ಕ ಇಟ್ಟಳು. “ಗುರುವಾರ ಖಾಲಿ ಅದ. ಹೋದ ವರ್ಷದ್ದಂತೂ ಒಂದೂ ಉಳಿದಿಲ್ಲ. ಶುಕ್ರವಾರ ಮುಂಜಾನೆ ಇದರಾಗ ಕೈ ಆಡಿಸಿದಾಕಿ ನೀನು.”

“ನಾ ಏನೂ ಮಾಡಿಲ್ರಿ ಮೇಡಂ.”

“ನಿನ್ನೆ ಟ್ಯಾಬ್ಲೆಟ್ ಮುಟ್ಟೇ ಇಲ್ಲ ಅಂದಿ. ಇವತ್ತು ಮುಟ್ಟಿದೆ, ಖರೆ ಏನೂ ಮಾಡಿಲ್ಲ ಅಂತಿ. ನಾಳೆ ಏನ್ ಅಂತಿ?”

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಧರ್ಮಣ್ಣ ಕೆಮ್ಮಿದ. ಅವನಿಗೆ ಈ ಹುಡುಗಿಯ ಮೇಲೆ ಮೊದಲಿನಿಂದಲೂ ಅನುಮಾನ. ಅಂಗಡಿ ಒಬ್ಬಳದು, ದುಡಿತ ಇನ್ನೊಬ್ಬಳದು. ಅಸೂಯೆಗೆ ಅಷ್ಟು ಸಾಲದೇ ಎನ್ನುವುದು ಅವನ ಲೆಕ್ಕ.

ಗಿರಾಕಿಗಳು ಕೂರುವ ಸೋಫಾದ ತುದಿಯಲ್ಲಿ ನಾಜಿಯಾಳ ತಾಯಿ ಜೈತುನ್ಬೀ ಕೂತಿದ್ದಳು. ಸ್ಕೂಟಿಯ ಜೊತೆ ಸಿಕ್ಕ ಮಗಳ ಹೆಲ್ಮೆಟ್ಟು ಅವಳ ತೊಡೆಯ ಮೇಲಿತ್ತು. ಮೂರು ದಿನದಿಂದ ಓಣಿಯ ಮಂದಿ ಅವಳಿಗೆ ಒಂದೇ ಮಾತು ಹೇಳುತ್ತಿದ್ದರು: ನಿನ್ನ ಮಗಳು ಯಾರ ಜೊತೆಗೋ ರೈಲು ಹತ್ತಿದಳು.

“ಪ್ರೀತಿ,” ಎಂದಳು ಆಕೆ, “ನನ್ನ ಮನ್ಯಾಗ ಉಂಡು ಬೆಳದಾಕಿ ನೀ. ಏನಾದ್ರೂ ಇದ್ರ ಹೇಳಿಬಿಡು ಬೇಟಿ. ಕೆಟ್ಟದ್ದೇ ಇದ್ರೂ ಹೇಳು. ಗೊತ್ತಿಲ್ಲ ಅನ್ನೋದು ನನ್ನಿಂದ ತಾಳಲಿಕ್ಕ ಆಗವಲ್ದು.”

ಅಷ್ಟಕ್ಕೇ ಪ್ರೀತಿ ಕುಸಿದಳು. ತಿರುಗುವ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಬೇಕಂತ ಅಳಿಸಿಲ್ರಿ ಖಾಲಾ. ನಾಜಿಯಾ ಆಪಾನೇ ಬುಧವಾರ ಹೇಳಿದ್ದು. ಕ್ಯಾಲೆಂಡರ್ ಭಾಳ ನಿಧಾನ ಆಗ್ಯದ, ಹೋದ ವರ್ಷದ ಅಪಾಯಿಂಟ್‌ಮೆಂಟ್ ಎಲ್ಲಾ ಆರ್ಕೈವ್ ಮಾಡಿಬಿಡು ಅಂತ. ನಾ ಶುಕ್ರವಾರ ಅಂಗಡಿ ತೆರದಕೂಡ್ಲೇ ಬಟನ್ ಒತ್ತಿದೆ. ಎಲ್ಲಾ ಮಾಯ ಆಯ್ತು. ಆಮ್ಯಾಲ ನೀವು ಬಂದು ಆಪಾ ರಾತ್ರಿ ಮನಿಗೆ ಬಂದಿಲ್ಲ ಅಂದ್ರಿ. ಗುರುವಾರದ್ದು ನೋಡೋಣಂತ ತೆರದ್ರ ಅದೂ ಖಾಲಿ! ಹೋದ ವರ್ಷದ್ದರ ಕೂಡ ಅದನ್ನೂ ನಾನೇ ಅಳಿಸೀನಿ ಅಂತ ಅಂಜಿಬಿಟ್ಟೆ. ಪೊಲೀಸರ ಮುಂದ ಹ್ಯಾಂಗ ಹೇಳ್ಲಿ?”

ಅಂಬುಜಾ ಬಗ್ಗಿ ಅವಳ ಮುಖ ನೋಡಿದಳು.

“ನಾಜಿಯಾ ಏನ್ ಅಂದ್ಲು? ಅಳಿಸು ಅಂದ್ಲೋ, ಆರ್ಕೈವ್ ಮಾಡು ಅಂದ್ಲೋ?”

“ಆರ್ಕೈವ್ ಅಂದ್ಲು. ಎರಡೂ ಒಂದೇ ಅಲ್ಲೇನ್ರಿ?”

“ಅಲ್ಲವ್ವ. ಹಳೇ ಸೀರಿ ಒಲಿಗೆ ಹಾಕೋದು ಬ್ಯಾರೆ, ಟ್ರಂಕಿನಾಗ ಮಡಚಿ ಇಡೋದು ಬ್ಯಾರೆ.”

ಅವಳು ಟ್ಯಾಬ್ಲೆಟ್ಟನ್ನು ಎತ್ತಿಕೊಂಡಳು. ಪರದೆಯ ಮೂಲೆಯ ಮೂರು ಗೆರೆಗಳನ್ನು ಒತ್ತಿದಳು. ಸೆಟ್ಟಿಂಗ್ಸ್ ಎಂದಿತ್ತು, ಬೇಡ. ಅದರ ಕೆಳಗೆ ಬಿಲ್ಲಿಂಗ್, ಅದೂ ಬೇಡ. ತೀರ ಕೆಳಗೆ, ಬೆರಳಿನಿಂದ ಎರಡು ಸಲ ಸರಿಸಿದ ಮೇಲೆ, ಬೂದು ಅಕ್ಷರದಲ್ಲಿ ‘ಆರ್ಕೈವ್’ ಎಂದಿತ್ತು.

ಒತ್ತಿದೊಡನೆ ಪರದೆಯ ತುಂಬ ಹೋದ ವರ್ಷ ತೆರೆದುಕೊಂಡಿತು.

ಪ್ರೀತಿ ಕುರ್ಚಿಯಿಂದ ಎದ್ದು ಬಂದು ನೋಡಿದಳು. “ಅವೇ… ಎಲ್ಲಾ ಅದಾವ!” ಎಂದು ಜೈತುನ್ಬೀಯ ಪಕ್ಕದಲ್ಲಿ ಕೂತು ಅಳಲಾರಂಭಿಸಿದಳು. ಮುದುಕಿ ಹೆಲ್ಮೆಟ್ಟನ್ನು ಬದಿಗಿಟ್ಟು ಅವಳ ತಲೆ ಸವರಿದಳು.

ಅಂಬುಜಾಳಿಗೆ ಆ ಸಮಾಧಾನ ಇನ್ನೂ ಸಿಕ್ಕಿರಲಿಲ್ಲ. ಆರ್ಕೈವಿನಲ್ಲಿ ಇದ್ದದ್ದೆಲ್ಲ ಹೋದ ವರ್ಷದ ಮದುವೆಗಳು. ಈ ವರ್ಷದ್ದು ಒಂದೂ ಅಲ್ಲಿ ಸೇರಿರಲಿಲ್ಲ. ಹಾಗಾದರೆ ಗುರುವಾರದ ಖಾನೆ ಖಾಲಿಯಾದದ್ದು ಪ್ರೀತಿಯ ಕೈಯಿಂದಲ್ಲ. ಅದು ಮೊದಲಿನಿಂದಲೂ ಖಾಲಿಯೇ ಇತ್ತು.

“ಬಂದೇಅಲಿನ್ನ ಇನ್ನೊಮ್ಮಿ ಕೇಳೋಣೇನ್ರಿ ಮೇಡಂ?” ಧರ್ಮಣ್ಣ ಮೆಲ್ಲಗೆ ಕೇಳಿದ.

ಟಂಟಂ ಓಡಿಸುವ ಬಂದೇಅಲಿಗೂ ನಾಜಿಯಾಳಿಗೂ ನಿಶ್ಚಯವಾಗಿದ್ದ ಮದುವೆ ಯುಗಾದಿಯ ಹೊತ್ತಿಗೆ ಮುರಿದಿತ್ತು. ಆಮೇಲೂ ಅವನ ಗಾಡಿ ದಿನಾ ಪಾರ್ಲರಿನ ಎದುರಿಗೇ ನಿಲ್ಲುತ್ತಿತ್ತು. ಗುರುವಾರ ಮಾತ್ರ ನಿಂತಿರಲಿಲ್ಲ. ನಿನ್ನೆಯಿಂದ ಅವನು ಠಾಣೆಯ ಬೆಂಚಿನ ಮೇಲಿದ್ದ. ಗಾಡಿ ಕೆಟ್ಟಿತ್ತು ಎಂದು ಒಮ್ಮೆ ಹೇಳಿದ್ದು ಬಿಟ್ಟರೆ, ಕೇಳಿದ್ದಕ್ಕೆಲ್ಲ “ಅಕಿ ಸಿಕ್ಳೇನ್ರಿ?” ಎಂದು ತಿರುಗಿ ಕೇಳುತ್ತಿದ್ದ, ಅಷ್ಟೇ.

“ತಡಿ,” ಎಂದಳು ಅಂಬುಜಾ.

ಅವಳ ಬೆರಳು ಹೋದ ವರ್ಷದ ತಿಂಗಳುಗಳನ್ನು ಒಂದೊಂದಾಗಿ ಸರಿಸುತ್ತಿತ್ತು. ಮೇ ತಿಂಗಳು ಕಿಕ್ಕಿರಿದಿತ್ತು. ಒಂದೇ ದಿನ ಚಿತ್ತಾಪುರದಲ್ಲೊಬ್ಬಳು ಮದುಮಗಳು, ನಾಲವಾರದಲ್ಲೊಬ್ಬಳು. ಜೂನ್ ಕೊನೆಯ ಹೊತ್ತಿಗೆ ಸಾಲು ತೆಳ್ಳಗಾಗಿ ನಿಂತೇಹೋಗಿತ್ತು. ಜುಲೈ ಬಯಲಿನಂತೆ ಖಾಲಿ.

ಆ ಖಾಲಿಯ ನಡುವೆ, ಒಂಬತ್ತನೇ ತಾರೀಖಿಗೆ, ಒಂದೇ ಒಂದು ಮದುಮಗಳ ಗುರುತು.

“ಖಾಲಾ, ಹೋದ ವರ್ಷ ಜುಲೈ ಒಂಬತ್ತಕ್ಕ ನಾಜಿಯಾ ಯಾರದೋ ಲಗ್ನಕ್ಕ ಹೋಗಿದ್ಲೇನು?”

“ಜುಲೈದಾಗ?” ಜೈತುನ್ಬೀ ತಲೆಯಾಡಿಸಿದಳು. “ಹೋದ ವರ್ಷ ಜುಲೈದಾಗ ಕೆಲಸಾನೇ ಇದ್ದಿಲ್ಲ. ನಮ್ಮಂದಿಗೆ ಮೊಹರಂ, ನಿಮ್ಮಂದಿಗೆ ಆಷಾಢ. ಯಾರ್ ಲಗ್ನ ಮಾಡ್ತಾರ ಹೇಳ್ರಿ? ಅಂಗಡಿ ಕೀಲಿ ಹಾಕಿ ಇಬ್ರೂ ಹೈದರಾಬಾದಿಗೆ ನಮ್ಮಕ್ಕನ ಮನಿಗೆ ಹೋಗಿದ್ವಿ.”

“ಹಂಗಾದ್ರ ಆಷಾಢದಾಗ ಈ ಮದುಮಗಳು ಎಲ್ಲಿಂದ ಬಂದ್ಲು?”

ಅಂಬುಜಾ ಬಾಗಿಲ ಕಡೆ ತಿರುಗಿದಳು.

“ಧರ್ಮಣ್ಣ, ಮೊನ್ನೆ ಗುರುವಾರ ಯಾವ ತಾರೀಖು?”

ಧರ್ಮಣ್ಣ ಗೋಡೆಯ ಕ್ಯಾಲೆಂಡರ್ ನೋಡಿದ. ಬಾಯಿ ತೆರೆದ. “ಒಂಬತ್ತು… ಜುಲೈ ಒಂಬತ್ತೇ ರೀ ಮೇಡಂ!”

“ಈ ವರ್ಷ ಅಧಿಕ ಮಾಸ ಬಂತು. ಆಷಾಢ ಇನ್ನೂ ಶುರು ಆಗಿಲ್ಲ. ಈ ಜುಲೈ ಒಂಬತ್ತಕ್ಕ ಲಗ್ನ ಇರಬಹುದು. ಹೋದ ಜುಲೈ ಒಂಬತ್ತಕ್ಕ ಇರಲಿಕ್ಕೆ ಸಾಧ್ಯ ಇಲ್ಲ. ನಾಜಿಯಾ ತಾರೀಖು ಸರಿ ಹಾಕ್ಯಾಳ, ವರ್ಷ ತಪ್ಪ್ಯಾಳ.”

ಪ್ರೀತಿ ಕಣ್ಣೊರೆಸಿಕೊಂಡು ಎದ್ದು ನಿಂತಳು. “ಖರೆ ರೀ! ಹೋದ ವಾರ ಒಬ್ಬ ಗಿರಾಕಿಗೆ ಆಪಾ ಹೋದ ವರ್ಷ ಮಾಡಿದ್ದ ಮದುಮಕ್ಕಳ ಫೋಟೋ ಈ ಟ್ಯಾಬ್ಲೆಟ್ಟಿನಾಗೇ ತಾರೀಖು ಹುಡುಕಿ ತೋರಿಸಾಕತ್ತಿದ್ಲು. ಆವಾಗ್ಲೇ ಒಂದು ಫೋನ್ ಬಂತು. ತೆರೆದಿದ್ದ ಹೋದ ವರ್ಷದಾಗೇ ಬರಕೊಂಡಿರಬೇಕು.”

ಅಂಬುಜಾ ಆ ಗುರುತನ್ನು ಒತ್ತಿದಳು. ಒಳಗೆ ನಾಜಿಯಾ ಅವಸರದಲ್ಲಿ ಬರೆದ ಎರಡು ಸಾಲು ಇದ್ದವು.

‘ಮದುಮಗಳ ಮೇಕಪ್. ಸಿದ್ದಣ್ಣ. ವಾಡಿ ಸ್ಟೇಷನ್ನಿಗೆ ಕಾರು ಬರುತ್ತೆ. ಚಿಂಚೋಳಿ ದಾರಿ, ಪೇರಲ ತೋಟದ ಮನೆ.’

“ರೈಲು ಹತ್ತಿಲ್ಲ ಖಾಲಾ,” ಎಂದಳು ಅಂಬುಜಾ. “ನಿಮ್ಮ ಮಗಳು ಕೆಲಸಕ್ಕ ಹೋಗ್ಯಾಳ.”

ಜೈತುನ್ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರು ದಿನ ಓಣಿಯ ಎದುರು ಬಗ್ಗಿದ್ದ ಅವಳ ತಲೆ ಮೇಲೆದ್ದಿತು.

ಪ್ರೀತಿಯನ್ನು ಮನೆಗೆ ಹೋಗಲು ಹೇಳಿ, ಟ್ಯಾಬ್ಲೆಟ್ಟನ್ನು ತಾನೇ ತೆಗೆದುಕೊಂಡು ಅಂಬುಜಾ ಜೀಪು ಹತ್ತಿದಳು. ಜೈತುನ್ಬೀ ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

“ಖಾಲಾ, ನೀವು ಇಲ್ಲೇ ಇರ್ರಿ.”

“ಇರಂಗಿಲ್ಲ.”

ಅಂಬುಜಾ ಧರ್ಮಣ್ಣನಿಗೆ ಹೊರಡಲು ಸನ್ನೆ ಮಾಡಿದಳು.

ಫರ್ಸಿ ಕಲ್ಲಿನ ರಾಶಿಗಳು ಹಿಂದೆ ಸರಿದವು. ಚಿತ್ತಾಪುರ ದಾಟಿದ ಮೇಲೆ ಎರಡೂ ಬದಿಗೆ ಕಪ್ಪು ನೆಲ, ಆಗಷ್ಟೇ ಚಿಗುರಿದ ತೊಗರಿ. ಸೇಡಂ ಹತ್ತಿರ ಕಾಗಿಣಾ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ನೀರಿರಲಿಲ್ಲ. ಜೈತುನ್ಬೀ ಕಣ್ಣು ಮುಚ್ಚಿ ಏನನ್ನೋ ಪಠಿಸುತ್ತಲೇ ಇದ್ದಳು.

ಚಿಂಚೋಳಿ ದಾರಿಯಲ್ಲಿ ಪೇರಲ ತೋಟ ಎಂದರೆ ಯಾರಿಗೂ ಗೊತ್ತಾಗಲಿಲ್ಲ. ಇಬ್ಬರು ಕುರಿ ಕಾಯುವವರು ತಲೆಯಾಡಿಸಿದರು. ಪಂಕ್ಚರ್ ಅಂಗಡಿಯವನು ಸ್ವಲ್ಪ ಯೋಚಿಸಿ, “ಪೇರಲ ಅಂದ್ರ… ಜಾಮಕಾಯಿ ಏನ್ರಿ? ಜಾಮ ತೋಟ ಅನ್ರಿ ಮತ್ತ! ಆ ಹುಣಸಿಮರದಿಂದ ಒಳಗ ಹೋಗ್ರಿ,” ಎಂದು ಕೈ ತೋರಿಸಿದ.

ಹಣ್ಣಿನ ಗಿಡಗಳ ನಡುವೆ ಒಂದು ಹಳೇ ಮನೆ. ಅಂಗಳದಲ್ಲಿ ಕಾರಿನ ಗಾಲಿಯ ಹಸಿ ಗುರುತು, ಕಾರು ಇರಲಿಲ್ಲ. ಚಪ್ಪರದಡಿ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಖಾಕಿ ಕಂಡೊಡನೆ ಕೈ ನಿಲ್ಲಿಸಿದಳು.

“ನಿನ್ನ ಹೆಸರೇನವ್ವ?”

“ಅನಸುಬಾಯಿ ರೀ. ಅಡಗಿ ಮಾಡಾಕ ಕರದಾರ್ರಿ, ದಿನಾ ಹೊತ್ತೇರಿದ ಮ್ಯಾಲ ಬರ್ತೀನ್ರಿ.”

“ಒಳಗ ಯಾರಿದಾರ?”

“ಅವರ ಮನಿ ಹುಡುಗಿ ರೀ. ತಲಿ ಸರಿ ಇಲ್ಲಂತ, ಔಷಧಕ್ಕ ಕರಕೊಂಡು ಬಂದಾರಂತ. ಎಷ್ಟು ಒದರಿದ್ರೂ ಬಾಗಿಲ ತೆರೀಬ್ಯಾಡ ಅಂದಾರ್ರಿ.” ಅವಳು ಸೊಂಟದ ಕೀಲಿ ಮುಟ್ಟಿಕೊಂಡಳು. “ಖರೆ ಅಕಿ ಒದರೋದಿಲ್ರಿ. ಕಿಟಕ್ಯಾಗ ನಿಂತು ನನ್ನ ಕೂಡ ಛಲೋ ಮಾತಾಡ್ತಾಳ. ನಂಗೂ ಯಾಕೋ ಅನುಮಾನ ಬಂದಿತ್ರಿ.”

ಧರ್ಮಣ್ಣ ಕೀಲಿ ಕಸಿದುಕೊಂಡ. ಅಂಬುಜಾ ಬಾಗಿಲು ತಳ್ಳಿದಳು.

ಕೋಣೆಯ ಮೂಲೆಯಲ್ಲಿ ನಾಜಿಯಾ ನಿಂತಿದ್ದಳು. ಕೈಯಲ್ಲಿ ಕೂದಲು ಕತ್ತರಿಸುವ ಸಣ್ಣ ಕತ್ತರಿ. ಅಂಬುಜಾಳ ಮುಖ ಕಂಡದ್ದೇ ಅವಳು ಗೋಡೆಗೆ ಒತ್ತಿಕೊಂಡಳು.

“ಮುಂಜಾನೇ ಮಾಡಿಕೊಟ್ಟೆನಲ್ಲ! ಮತ್ತ ಯಾಕ ಬಂದಿ? ಹತ್ರ ಬರಬ್ಯಾಡ!”

“ನಾಜಿಯಾ, ನಾ ಅಂಬುಜಾ. ಪೊಲೀಸ್. ನಿಮ್ಮ ಅಮ್ಮಿ ಹೊರಗ ಇದಾರ.”

“ಸುಳ್ಳ!”

ಅಂಬುಜಾ ಎರಡೂ ಕೈ ತೋರಿಸಿ ನಿಂತಳು. ನಾಜಿಯಾ ಕತ್ತರಿ ಬಿಡದೆ ಹೆಜ್ಜೆ ಹೆಜ್ಜೆ ಹತ್ತಿರ ಬಂದಳು. ಹೆಬ್ಬೆರಳನ್ನು ನಾಲಗೆಗೆ ತಾಕಿಸಿ, ಅಂಬುಜಾಳ ಎಡ ಹುಬ್ಬಿನ ಮೇಲಿದ್ದ ಹಳೇ ಗಾಯದ ಕಲೆಯನ್ನು ಜೋರಾಗಿ ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು. ಚರ್ಮ ಕೆಂಪಾಯಿತು. ಕಲೆ ಅಲ್ಲೇ ಇತ್ತು.

“ಹೋಗವಲ್ದು,” ಎಂದಳು ನಾಜಿಯಾ. ಕತ್ತರಿ ಕೆಳಗೆ ಬಿತ್ತು. “ಯಾ ಅಲ್ಲಾ, ಇದು ಹೋಗವಲ್ದು!” ಎನ್ನುತ್ತ ನಗುವುದೋ ಅಳುವುದೋ ತಿಳಿಯದೆ ಅಂಬುಜಾಳ ಹೆಗಲಿಗೆ ತಲೆಯಿಟ್ಟಳು.

ಅಷ್ಟರಲ್ಲಿ ಜೈತುನ್ಬೀ ಒಳಗೆ ನುಗ್ಗಿದಳು. ಮಗಳ ಮುಖ, ಕೈ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. “ಹೊಡದಾರೇನು? ಏನರೆ ಮಾಡ್ಯಾರೇನು?”

“ಇಲ್ಲಮ್ಮಿ. ಮುಟ್ಟಿಲ್ಲ. ಫೋನ್ ಕಸಗೊಂಡ್ರು, ಕೀಲಿ ಹಾಕಿದ್ರು. ಅಷ್ಟೇ.”

“ಅಷ್ಟೇ ಅಂತಾಳ ನೋಡ್ರಿ!” ಎಂದು ಮುದುಕಿ ಮಗಳ ಬೆನ್ನಿಗೆ ಒಂದು ಏಟು ಹಾಕಿ, ಮರುಕ್ಷಣವೇ ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು.

ಅಂಬುಜಾ ಹೊರಗೆ ಬಂದಳು. ಎದೆಯ ಮೇಲಿಂದ ಒಂದು ಫರ್ಸಿ ಕಲ್ಲು ಇಳಿಸಿದಂತಾಗಿತ್ತು. ಎಷ್ಟೋ ಕೇಸುಗಳಲ್ಲಿ ಇಂಥ ಬಾಗಿಲು ತೆರೆದಾಗ ಒಳಗೆ ಏನು ಇರುತ್ತದೆ ಎಂದು ಅವಳು ಬಲ್ಲಳು. ಗಿಡಗಳ ನಡುವೆ ಗಾಳಿ ತಂಪಾಗಿತ್ತು. ಅವಳು ಠಾಣೆಗೆ ಫೋನು ಮಾಡಿದಳು.

“ಬಂದೇಅಲಿನ್ನ ಬಿಡ್ರಿ. ನಾಜಿಯಾ ಸಿಕ್ಕಾಳ, ಆರಾಮ ಇದ್ದಾಳ ಅಂತ ಹೇಳ್ರಿ.”

ಆ ಕಡೆ ಮಾತು ದಾಟಿಸಿದ ಸದ್ದು. ಆಮೇಲೆ ಗಂಡಸೊಬ್ಬ ಬಿಕ್ಕಿದ ಸದ್ದು. ಗುರುವಾರ ಅವನ ಗಾಡಿ ನಿಲ್ಲದೇ ಇದ್ದದ್ದು ಬ್ಯಾಟರಿ ಕೆಟ್ಟದ್ದಕ್ಕೆ ಎಂದು ಅವನು ಮೊದಲೇ ಹೇಳಿದ್ದ, ಯಾರೂ ನಂಬಿರಲಿಲ್ಲ.

ಅನಸುಬಾಯಿ ಅಪರಾಧಿಯಂತೆ ಮೂರು ಸಲ ಕೈಮುಗಿದು, ಕೊನೆಗೆ ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ನಾಜಿಯಾ ಹಸಿದವಳಂತೆ ಉಂಡಳು. ಜೈತುನ್ಬೀ ತುತ್ತು ಮುರಿದು ಕೊಡುತ್ತಲೇ ಇದ್ದಳು. “ನಾಳೆ ಓಣಿಯಾಗ ನಿನ್ನ ಕೈ ಹಿಡಕೊಂಡು ಅಡ್ಡಾಡ್ತೀನಿ,” ಎಂದಳು. “ಒಂದೊಂದು ಮನಿ ಮುಂದೂ ನಿಂದ್ರತೀನಿ.” ಧರ್ಮಣ್ಣ ಕೂಡ ನಕ್ಕ.

ನಾಜಿಯಾ ನೀರು ಕುಡಿದು ಲೋಟ ಇಟ್ಟ ಮೇಲೆ ಅಂಬುಜಾ ಕೇಳಿದಳು.

“ನನ್ನ ಗಾಯ ಯಾಕ ಉಜ್ಜಿದಿ?”

ನಾಜಿಯಾಳ ನಗು ಆರಿತು.

“ಇಲ್ಲಿ ಮದುಮಗಳು ಇದ್ದಿಲ್ರಿ ಮೇಡಂ. ಒಬ್ಬಾಕಿ ಹೆಣ್ಮಗಳು, ಅಕಿನ್ನ ಕರಕೊಂಡು ಬಂದ ಆ ಸಿದ್ದಣ್ಣ, ಇಬ್ರೇ. ನಾಟಕಕ್ಕ ಬೇಕಾಗ್ಯದ ಅಂದ್ರು. ಒಂದು ಫೋಟೋ ಕೊಟ್ರು. ಈ ಫೋಟೋದಾಗಿನ ಮುಖ ಅಕಿಗೆ ಮಾಡು ಅಂದ್ರು. ಮೈಬಣ್ಣ, ಹುಬ್ಬು, ತುರುಬು. ಎಲ್ಲಾಕಿಂತ ಮೊದಲು ಎಡ ಹುಬ್ಬಿನ ಮ್ಯಾಲ ಗಾಯದ ಕಲಿ. ಮೊದಲ್ನೇ ದಿನ ನಾ ಖರೇ ನಾಟಕ ಅಂತ ತಿಳಕೊಂಡೆ. ಸಂಜಿಗೆ ಮನಿಗೆ ಹೊಂಟ್ರ ಬಿಡಲಿಲ್ಲ. ದಿನಾ ಮಾಡಬೇಕು, ಇನ್ನೂ ಹೊಂದವಲ್ದು ಅಂದ್ರು.”

“ಇವತ್ತು?”

“ಇವತ್ತು ಹೊಂದಿತು ಅಂದ್ರು. ಖಾಕಿ ಹಾಕ್ಕೊಂಡ್ಲು. ಹೆಗಲ ಮ್ಯಾಲ ನಿಮ್ಮಂಗೇ ನಕ್ಷತ್ರ. ಕನ್ನಡಿ ನೋಡಿಕೊಂಡು ನಕ್ಲು. ಹೋಗೋ ಮುಂದ, ನಮ್ಮ ಹೆಸರು ಎಲ್ಲರೆ ಬರದೀಯೇನು ಅಂತ ಕೇಳಿದ್ಲು; ಪಾರ್ಲರಿನ ಟ್ಯಾಬ್ಲೆಟ್ಟಿನಾಗ ಅಂದೆ. ಹೊತ್ತೇರೋದ್ರಾಗ ಇಬ್ರೂ ಕಾರಿನ್ಯಾಗ ಹೋದ್ರು. ಶಹಾಬಾದಿನಾಗ ಜೀಪ್ ತಯಾರ ಅದ ಅಂತ ಸಿದ್ದಣ್ಣ ಫೋನಿನಾಗ ಮಾತಾಡಿದ್ದು ಕೇಳಿಸ್ತು.”

“ಆ ಫೋಟೋ…”

“ನಿಮ್ಮದೇ ರೀ ಮೇಡಂ. ನಾ ಅಕಿನ್ನ ನಿಮ್ಮಂಗ ಮಾಡಿ ಕಳಿಸೀನಿ.”

ಧರ್ಮಣ್ಣನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಅಂಬುಜಾಳ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು.

“ಮೇಡಂ, ನಾ ಪ್ರೀತಿ ಅವ್ವ ದಾನಮ್ಮ ಮಾತಾಡಾಕತ್ತೀನ್ರಿ. ನೀವು ಪಾರ್ಲರಿನ ಗ್ವಾಡಿ ಮ್ಯಾಲ ಬರದಿಟ್ಟಿದ್ದ ನಂಬರ್ ತಗೊಂಡೆ. ಪ್ರೀತಿ ಮುಂಜಾನಿಂದ ಏನೂ ತಿಂದಿಲ್ರಿ. ಬುತ್ತಿ ಕಟ್ಟೀನಿ. ಠಾಣೆಗೇ ತಂದುಕೊಡ್ಲೇನ್ರಿ?”

“ಠಾಣೆಗೆ ಯಾಕವ್ವ? ಪ್ರೀತಿ ಮನ್ಯಾಗಿಲ್ಲೇನು?”

ದಾನಮ್ಮ ಗೊಂದಲದಿಂದ ಸಣ್ಣಗೆ ನಕ್ಕಳು.

“ಏನ್ರಿ ಮೇಡಂ, ಈಗರೆ ನೀವೇ ಬಂದಿದ್ರಲ್ಲ! ಟ್ಯಾಬ್ಲೆಟ್ ಎಲ್ಲಿ ಅಂತ ಕೇಳಿದ್ರಿ. ಅದನ್ನ ನೀವೇ ಒಯ್ದೀರಲ್ಲ ಮೇಡಂ ಅಂತ ಪ್ರೀತಿ ಅಂದ್ಲು. ನೀವು ಅಕಿ ಮುಖಾನೇ ಸ್ವಲ್ಪ ಹೊತ್ತು ನೋಡಿದ್ರಿ… ಆಮ್ಯಾಲ ಕೈ ಹಿಡದು ಜೀಪಿನಾಗ ಕೂಡ್ರಿಸಿಕೊಂಡು ಹೋದ್ರಲ್ರಿ.”